ಓಣಿಯವರೆಲ್ಲ ಸೇರಿ ಬಿಡಿಸಿದ ಸಮುದ್ರ

ನಮ್ಮೂರು ಸ್ಫಾಕ್ಸ್‌ನ ಎದುರಿಗಿರುವ ಕೆರ್ಕೆನ್ನಾ ದ್ವೀಪದಲ್ಲಿ ಮಣ್ಣಿನ ಗಡಿಗೆ ಮುಳುಗಿಸಿ ಆಕ್ಟೋಪಸ್ ಹಿಡಿಯುವ ಬೆಸ್ತರ ಬಗ್ಗೆ ರಫೀಕಾ ಒಂದು ಅನಿಮೇಷನ್ ಚಿತ್ರಕ್ಕೆ ಕೈಹಾಕಿದಾಗ ಅವಳ ಜೊತೆಗಿದ್ದವನು ನಾನೊಬ್ಬನೇ. ಪಾತ್ರಗಳ ರೂಪ ನನ್ನದು, ಅವುಗಳ ನಡಿಗೆ, ನೋಟ ಎಲ್ಲ ಅವಳದು. ಅಷ್ಟಾದ ಮೇಲೆ ಕೆಲಸ ನಿಂತಿತು. ನೀರಿನ ಮೇಲೆ ಬೆಳಕು ಎಲ್ಲಿ ಹೇಗೆ ಬೀಳುತ್ತದೆಂದು ಲೆಕ್ಕ ಹಾಕಿ ಕಂಪ್ಯೂಟರು ಒಂದೊಂದೇ ಚಿತ್ರ ಬಿಡಿಸಿ ಮುಗಿಸಬೇಕು. ಅದಕ್ಕೇ ರೆಂಡರಿಂಗ್ ಅನ್ನುವುದು. ನಮ್ಮಲ್ಲಿದ್ದ ಒಂದೇ ಯಂತ್ರವನ್ನು ನಂಬಿ ಕೂತಿದ್ದರೆ ಸಿನಿಮಾ ಮುಗಿಯುವಷ್ಟರಲ್ಲಿ ಇಬ್ಬರಿಗೂ ತಲೆ ನರೆಯುತ್ತಿತ್ತು.

ಆ ಚಳಿಗಾಲ ಸ್ಫಾಕ್ಸ್ ಬಂದರಿನ ಪಕ್ಕದ ಕಚೇರಿಯೊಂದು ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಲು ಹೊರಟಿತ್ತು. ರಫೀಕಾ ಹೋಗಿ ಕೇಳಿ ಅಷ್ಟನ್ನೂ ಹೊತ್ತು ತಂದಳು. ಧೂಳು ಊದಿ, ಸತ್ತವುಗಳ ಬಿಡಿಭಾಗ ಕಿತ್ತು ಬದುಕಿದವಕ್ಕೆ ಜೋಡಿಸಿ, ತನ್ನ ಮನೆಯಲ್ಲಿ ಅಪ್ಪ ಆಲಿವ್ ಎಣ್ಣೆ ತುಂಬಿಡುತ್ತಿದ್ದ ಕೋಣೆಯಲ್ಲಿ ಸಾಲಾಗಿ ಇಟ್ಟಳು. ಎಲ್ಲವನ್ನೂ ಒಂದಕ್ಕೊಂದು ಕೇಬಲ್‌ನಿಂದ ಬೆಸೆದಳು. ತನ್ನ ಪಾಲಿನ ಚಿತ್ರ ಮುಗಿಸಿದ ಯಂತ್ರ ತಾನಾಗಿ ಮುಂದಿನದನ್ನು ಎತ್ತಿಕೊಳ್ಳುವ ಹಾಗೆ ಮಾಡಿದಳು. ಆ ತಾಳ್ಮೆ ನನ್ನ ಕೈಲಾಗುವಂಥದ್ದಲ್ಲ.

ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದ ಮಧ್ಯಾಹ್ನ ಮನೆಯ ಹಳೇ ವೈರು ಸುಟ್ಟುಹೋಯಿತು. ಅದೇ ವೈರಿನಿಂದ ಕರೆಂಟು ಹೋಗುತ್ತಿದ್ದ ಪಕ್ಕದ ಮನೆಯ ಮುದುಕಿ, ಓಣಿಯವರೆಲ್ಲ ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮೊಂಗಿಯಾ, ಬಾಗಿಲಲ್ಲಿ ಬಂದು ನಿಂತಳು.

"ಒಳಗೇನೇ ವಿಮಾನ ಹಾರಿಸ್ತಿದ್ದೀಯ? ಫ್ರಿಜ್ಜಲ್ಲಿರೋ ಮೀನು ಹಾಳಾದ್ರೆ ನಿನಗೇ ತಿನ್ನಿಸ್ತೀನಿ, ನೋಡ್ತಿರು."

ರಫೀಕಾ ವಾದಕ್ಕಿಳಿಯಲಿಲ್ಲ. ತಪ್ಪಾಯಿತೆಂದು ಹೇಳಿ, ಮುದುಕಿಯನ್ನು ಒಳಗೆ ಕೂರಿಸಿ, ವೈರು ಸುಡುವ ಮೊದಲು ಆ ಯಂತ್ರಗಳು ಮುಗಿಸಿದ್ದ ಒಂದು ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಬೆಳಗಿನ ಕಡಲು, ಒಂಟಿ ದೋಣಿ. ಮೊಂಗಿಯಾಳ ಗಂಡ ಆ ದ್ವೀಪದ ಬೆಸ್ತ, ತೀರಿಕೊಂಡು ಬಹಳ ಕಾಲವಾಗಿತ್ತು. ಅವಳು ಪರದೆಯ ಹತ್ತಿರಕ್ಕೆ ಬಾಗಿ ದೋಣಿಯ ಮೇಲೆ ಬೆರಳಿಟ್ಟಳು.

"ಇದನ್ನ ಆ ಗುಜರಿ ಡಬ್ಬಗಳು ಬಿಡಿಸಿದ್ವಾ?"

"ಹೂಂ ಖಾಲ್ತಿ. ಎಲ್ಲಾ ಒಂದೇ ಮನೇಲಿಟ್ಟು ಕೆಡಿಸಿದೆ. ಮನೆಗೊಂದು ಇಟ್ರೆ ವೈರಿಗೆ ಭಾರ ಬೀಳಲ್ಲ. ನಿಮ್ಮನೇಲಿ ಒಂದು ಇಡ್ಲಾ?"

"ಇಡು. ಸದ್ದು ಮಾಡಿದ್ರೆ ಮಾತ್ರ ಬೀದಿಗೆ ಎಸೀತೀನಿ."

ಮುದುಕಿ ಒಪ್ಪಿದ ಮೇಲೆ ಬೇರೆಯವರು ಇಲ್ಲವೆನ್ನಲಿಲ್ಲ. ದರ್ಜಿಯ ಅಂಗಡಿಯಲ್ಲಿ ಒಂದು, ಕ್ಷೌರಿಕನ ಕನ್ನಡಿಯ ಕೆಳಗೆ ಒಂದು, ಹೀಗೆ ಓಣಿ ತುಂಬ ಯಂತ್ರಗಳು ಹಂಚಿಹೋದವು. ಕೇಬಲ್ಲನ್ನು ಮಾಳಿಗೆಯಿಂದ ಮಾಳಿಗೆಗೆ, ಒಣಗಿಹಾಕಿದ ಬಟ್ಟೆಗಳ ನಡುವೆ ನಾನೇ ಎಳೆದೆ. ಯಾವುದಾದರೂ ನಿಂತರೆ ರಫೀಕಾ ಸ್ಕ್ರೂಡ್ರೈವರ್ ಹಿಡಿದು ಹೋಗುತ್ತಿದ್ದಳು, ಬರುವಾಗ ಕೈಯಲ್ಲಿ ಏನಾದರೂ ತಿಂಡಿ ಇರುತ್ತಿತ್ತು.

ಬೇಸಿಗೆಯ ಹೊತ್ತಿಗೆ ಸಿನಿಮಾ ಮುಗಿಯಿತು. ಓಣಿಯ ಕೊನೆಯ ಸುಣ್ಣದ ಗೋಡೆಯ ಮೇಲೆ ತೋರಿಸಿದೆವು. ದೊಡ್ಡ ಸ್ಟುಡಿಯೋಗಳಲ್ಲಿ ದುಡಿದವನು ನಾನು. ಆದರೆ ಪ್ರತಿ ಅಲೆ ಬಂದಾಗಲೂ ಇದು ನಮ್ಮನೆಯದು, ಅದು ನಿಮ್ಮದು ಎಂದು ಜಗಳಾಡಿದ ಪ್ರೇಕ್ಷಕರನ್ನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಯಾರೂ ಯಂತ್ರ ವಾಪಸ್ ಕೊಡಲಿಲ್ಲ. ಈಗ ಗಾಬೆಸ್, ಸೂಸ್ ಊರುಗಳ ವಿದ್ಯಾರ್ಥಿಗಳೂ ತಮ್ಮ ಚಿತ್ರಗಳನ್ನು ರೆಂಡರಿಂಗಿಗೆ ನಮ್ಮ ಓಣಿಗೇ ಕಳಿಸುತ್ತಾರೆ. ಬೆಳಿಗ್ಗೆ ರೊಟ್ಟಿ ತರಲು ಹೊರಟ ಮೊಂಗಿಯಾ ನಮ್ಮ ಕಿಟಕಿಯಲ್ಲಿ ಇಣುಕಿ ಕೇಳುತ್ತಾಳೆ: "ನಂದು ಇವತ್ತು ಏನು ಬಿಡಿಸ್ತಿದೆ?"

"ಒಂಟೆ, ಖಾಲ್ತಿ."

"ಕಾಲು ಸರಿಯಾಗಿ ಬರ್ಲಿ," ಎಂದು ಹೇಳಿ ಹೋಗುತ್ತಾಳೆ.