ಗೆರೆ ಎಳೆದ ಸಾಲು

ಮಗಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಎರಡು ಹೆಣಿಗೆ ಹಾಕುವಷ್ಟರಲ್ಲಿ ಮುಂದಿನ ಲಾಂಡ್ರಿಯಿಂದ ಭಾವನ ದನಿ ಕೇಳಿಸಿತು.

"ರಫಕ್ಕಾ! ನಿನ್ನ ಮ್ಯೂಸಿಯಂ ಮೇಡಂ ಬಂದಿದ್ದಾರೆ ನೋಡು. ಸೋಮವಾರದ ತನಕ ತಡೆಯೋಕಾಗಲಿಲ್ಲ ಅಂತ ಕಾಣುತ್ತೆ."

ರಫಕ್ಕ ಎನ್ನುವುದು ಇಸ್ತ್ರಿ ಹಾಕುವವರು ಇಟ್ಟ ಹೆಸರು. ಸುಟ್ಟ, ಹರಿದ, ನುಸಿ ತಿಂದ ಬಟ್ಟೆಗೆ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಸೂಜಿಯಲ್ಲೇ ನೇಯ್ದು, ತೂತು ಇತ್ತೆಂಬ ಗುರುತೂ ಉಳಿಯದಂತೆ ಮುಚ್ಚುವ ರಫು ಕೆಲಸ ಅವಳದು. ಗಂಡ ತೀರಿಕೊಂಡಾಗ ಮಗಳಿಗೆ ಒಂದು ವರ್ಷ. ಅವತ್ತಿನಿಂದ ಗಂಡನ ಅಣ್ಣನ ಲಾಂಡ್ರಿಯ ಹಿಂದಿನ ಕೋಣೆಯೇ ಮನೆ, ಅದರ ಒಂದೇ ಕಿಟಕಿಯೇ ಅಂಗಡಿ. "ನಮ್ಮ ಮಾಸ್ಟರ್ ಕೈಚಳಕ ಸಾರ್, ಮೂವತ್ತು ವರ್ಷದ ಅನುಭವ" ಎಂದು ಭಾವ ಗಿರಾಕಿಗಳಿಗೆ ಹೇಳುತ್ತಿದ್ದುದು ಗೋಡೆಯ ಈಚೆಗೂ ಕೇಳಿಸುತ್ತಿತ್ತು. ಮಾಸ್ಟರ್ ಅಂತ ಯಾರೂ ಇರಲಿಲ್ಲ. ಭಾವನಿಗೆ ಒಂದು ಗುಂಡಿ ಹೊಲಿಯಲೂ ಬರುತ್ತಿರಲಿಲ್ಲ.

ಆ ಮಾಸ್ಟರನ್ನು ನೋಡಲೇಬೇಕೆಂದು ಹಟ ಹಿಡಿದು ಬಂದವರು ಮ್ಯೂಸಿಯಂ ಮೇಡಂ ಒಬ್ಬರೇ. ಅಲ್ಲಿ ಹಳೆಯ ಬಟ್ಟೆಗಳ ವಿಭಾಗ ನೋಡಿಕೊಳ್ಳುವವರು. ಸಿಗರೇಟಿನ ಕಿಡಿ ಬಿದ್ದ ತಮ್ಮ ಕೋಟನ್ನು ರಫು ಮಾಡಲು ಕೊಟ್ಟಿದ್ದರು. ವಾಪಸು ತೆಗೆದುಕೊಂಡು ಹೋಗಿ, ತೂತು ಎಲ್ಲಿತ್ತೆಂದು ಭೂತಗನ್ನಡಿ ಹಿಡಿದು ಹುಡುಕಿ, ಸಿಗದೆ, ಮಾರನೆಯ ದಿನ ಮತ್ತೆ ಬಂದರು. "ನಿಮ್ಮ ಮಾಸ್ಟರ್ ಯಾರು ಅಂತ ಹೇಳೋವರೆಗೂ ನಾನು ಇಲ್ಲಿಂದ ಏಳಲ್ಲ" ಎಂದು ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕುಳಿತೇಬಿಟ್ಟರು. ಕೊನೆಗೆ ಭಾವ ಪರದೆ ಸರಿಸಿ, ಕಳ್ಳಮಾಲು ತೋರಿಸುವವನಂತೆ, "ಇವಳೇ" ಅಂದಿದ್ದ.

ಮ್ಯೂಸಿಯಮ್ಮಿನಲ್ಲಿ ಅಂಥ ಕೈ ಇರುವವರಿಗೆ ಒಂದು ಕೆಲಸ ಖಾಲಿ ಇತ್ತು. ಕಾಯಂ ಕೆಲಸ. ಎರಡು ಕಡೆ ದೊಡ್ಡ ಕಿಟಕಿಯಿರುವ ಕೋಣೆ, ಒಬ್ಬಳಿಗೇ ಒಂದು ಮೇಜು, ಸರಿಪಡಿಸಿದ ಪ್ರತಿ ಬಟ್ಟೆಯ ಚೀಟಿಯಲ್ಲಿ ಸರಿಪಡಿಸಿದವಳ ಹೆಸರು. ಅದನ್ನು ಕೇಳಿದ ದಿನ ಅವಳು ಎರಡು ಸಲ ಸೂಜಿ ಚುಚ್ಚಿಕೊಂಡಿದ್ದಳು. ಪರೀಕ್ಷೆಗೆಂದು ಮೇಡಂ ಒಂದು ಅಂಗಿ ತಂದುಕೊಟ್ಟಿದ್ದರು. ಇನ್ನೂರು ವರ್ಷದ ಹಿಂದಿನ, ಮೂರು ನಾಲ್ಕು ವರ್ಷದ ಮಗುವಿನ ಅಂಗಿ. "ಹೊರಗಿನವರನ್ನ ಒಳಗೆ ಕೂರಿಸೋ ಹಾಗಿಲ್ಲ. ಬಟ್ಟೆ ಹೊರಗೆ ತರೋದು ಅದಕ್ಕಿಂತ ದೊಡ್ಡ ತಪ್ಪು. ನಿಮ್ಮ ಕೈ ನಂಬಿ ತಂದಿದೀನಿ" ಎಂದಿದ್ದರು. ಜೊತೆಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಟೈಪು ಮಾಡಿದ ಒಂದು ಹಾಳೆ.

ಅವಳು ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿಕೊಂಡು ಸಾಲಿನ ತುದಿ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತೆಂದು ಮರೆತುಹೋಗುತ್ತಿತ್ತು. ಓದುವುದಕ್ಕೆ ಗಿಣಿ ಇದ್ದಳಲ್ಲ. ಸೋಪಿನ ಕಾಗದ, ಔಷಧಿಯ ಡಬ್ಬಿ, ಬಸ್ಸಿನ ಹಿಂದಿನ ಬರಹ, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿಬಿಡುವ ಹತ್ತು ವರ್ಷದ ಮಗಳು. ಆ ಹೆಸರು ಬಂದದ್ದೂ ಅದಕ್ಕೇ. ಶಾಲೆಯಲ್ಲಿ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತಾಗ ಆ ದಿನದ ಸುದ್ದಿ ಓದುವುದು ಅವಳೇ. ಹಾಳೆಯನ್ನು ಕೈಗೆತ್ತಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದ್ದಳು: "ಭುಜದ ಬಳಿಯ ಹೊಸ ಹರಕನ್ನು ಮಾತ್ರ ಸರಿಪಡಿಸಬೇಕು. ಮೊಣಕೈ ಬಳಿ ಇರುವ ಹಳೆಯ ಹೊಲಿಗೆಯನ್ನು ಯಾವ ಕಾರಣಕ್ಕೂ ಮುಟ್ಟಬಾರದು."

"ಇನ್ನೊಂದು ಸಲ ಓದು."

ಗಿಣಿ ಇನ್ನೊಂದು ಸಲ ಓದಿದಳು. "ಮುಟ್ಟಬಾರದು ಅನ್ನೋದರ ಕೆಳಗೆ ಗೆರೆ ಬೇರೆ ಎಳೆದಿದ್ದಾರೆ ಅಮ್ಮ."

ಭುಜದ ಹರಕು ಎರಡು ದಿನದಲ್ಲಿ ಮುಗಿಯಿತು. ಮೂರನೆಯ ದಿನ ಅವಳು ಅಂಗಿಯನ್ನು ಮೊಣಕಾಲ ಮೇಲೆ ಹರಡಿಕೊಂಡು ಸುಮ್ಮನೆ ನೋಡುತ್ತ ಕುಳಿತಳು. ತೆಳು ಹಳದಿಯ ಬಟ್ಟೆ, ಅದರ ಮೊಣಕೈಗೆ ಯಾರೋ ದಪ್ಪ ನೀಲಿ ದಾರದಲ್ಲಿ ಸೊಟ್ಟಸೊಟ್ಟಗೆ ಹಾಕಿದ ಹನ್ನೊಂದು ಹೊಲಿಗೆ. ಬಟ್ಟೆ ಅಲ್ಲಿ ಸುಕ್ಕು ಹಿಡಿದು ಮುದ್ದೆಯಾಗಿತ್ತು. ನೋಡಿದಷ್ಟೂ ಅವಳ ಬೆರಳು ತುರಿಸಿತು. ಪಕ್ಕದಲ್ಲಿ ಇಂಥ ಅಸಹ್ಯ ಇಟ್ಟುಕೊಂಡು ಭುಜ ಮಾತ್ರ ಮಾಡಿ ಕೊಟ್ಟರೆ, ನೋಡುವವರ ಕಣ್ಣಿಗೆ ಬೀಳುವುದು ಯಾವುದು? ಭುಜ ಹೇಗೂ ಕಾಣುವುದಿಲ್ಲ. ಕಾಣುವುದು ಮೊಣಕೈ ಒಂದೇ. ಅದು ತನ್ನದೇ ಎಂದುಕೊಂಡರೆ?

"ಅಮ್ಮ, ಮುಟ್ಟಬಾರದು ಅಂತ..." ಎಂದಿದ್ದಳು ಗಿಣಿ, ಅವಳು ಕತ್ತರಿ ತೆಗೆದುಕೊಂಡಾಗ.

"ಸೂಜಿ ಹಿಡಿಯೋಕೆ ಬರದೋರು ಹಾಗೇ ಬರೀತಾರೆ. ಮಾಡೋ ಕೈ ಸಿಕ್ಕಿರಲಿಲ್ಲ, ಅದಕ್ಕೆ ಮುಟ್ಟಬೇಡಿ ಅಂತ ಬರೆದಿದಾರೆ. ನೀನು ಹೋಂವರ್ಕ್ ಮಾಡು."

ನೀಲಿ ದಾರದ ತುಂಡುಗಳನ್ನು ಮೊರದ ಕಸದ ಜೊತೆ ಹೊರಗೆ ಹಾಕಿದ್ದಳು. ಆಮೇಲಿನ ನಾಲ್ಕು ದಿನ ಮಾಡಿದಂಥ ಕೆಲಸ ಬದುಕಿನಲ್ಲೇ ಅವಳ ಕೈಯಿಂದ ಬಂದಿರಲಿಲ್ಲ. ಕೂದಲಿಗಿಂತ ಸಣ್ಣ ಎಳೆ. ಉಸಿರು ತಾಗಿದರೆ ಹಾರುತ್ತಿತ್ತು. ಮುಗಿದ ಮೇಲೆ ಕಣ್ಣು ಮುಚ್ಚಿ ಉಗುರಿನಿಂದ ಅಡ್ಡಕ್ಕೆ ಸವರಿ ನೋಡಿದಳು. ಉಗುರು ಎಲ್ಲೂ ತಡೆಯಲಿಲ್ಲ.

ಈಗ ಮೇಡಂ ಪರದೆ ಸರಿಸಿಕೊಂಡು ಒಳಗೇ ಬಂದುಬಿಟ್ಟರು. ಹಿಂದೆಯೇ ಭಾವ. "ಸೋಮವಾರ ಕೆಲಸದ ತೀರ್ಮಾನ ಮಾಡೋ ಕಮಿಟಿ ಇದೆ, ಅದಕ್ಕೆ ಮುಂಚೆ ಒಂದು ಸಲ ನೋಡಿಬಿಡೋಣ ಅಂತ ಬಂದೆ. ನೀವು ಜಡೆ ಹಾಕಿ, ಪರವಾಗಿಲ್ಲ" ಎಂದು ನಗುತ್ತ, ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅಂಗಿಯನ್ನು ಬಿಡಿಸಿದರು.

ಅವಳು ಕೂದಲನ್ನು ಕೈಯಲ್ಲೇ ಹಿಡಿದು ನಿಂತಳು. ಹೊಗಳಿಕೆ ಕೇಳಿ ಅಭ್ಯಾಸವಿಲ್ಲದವಳು. ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಮೇಡಂ ಭುಜ ನೋಡಿದರು, ತಲೆ ಆಡಿಸಿದರು. ತೋಳನ್ನು ಬೆಳಕಿಗೆ ತಿರುಗಿಸಿದರು. ಇನ್ನೊಂದು ತೋಳನ್ನು ತಿರುಗಿಸಿದರು. ಮತ್ತೆ ಮೊದಲಿನದು.

"ಮೊಣಕೈ ಹೊಲಿಗೆ ಎಲ್ಲಿ?"

"ಅದೂ ಸರಿಮಾಡಿದೀನಿ ಮೇಡಂ" ಅಂದಳು ಅವಳು. "ತುಂಬ ಕೆಟ್ಟದಾಗಿತ್ತು."

ಮೇಡಂ ಕುರ್ಚಿಗಾಗಿ ಹಿಂದೆ ಕೈಚಾಚಿದರು. ಕುರ್ಚಿ ಇರಲಿಲ್ಲ. ಕೆದರಿದ ಹಾಸಿಗೆಯ ಮೇಲೆಯೇ ಕುಳಿತುಬಿಟ್ಟರು.

"ಇಂಥ ಅಂಗಿ ನಮ್ಮಲ್ಲಿ ನಲವತ್ತಿದೆ" ಎಂದರು. "ಇದನ್ನ ಇಟ್ಟುಕೊಂಡಿದ್ದೇ ಆ ನೀಲಿ ಹೊಲಿಗೆಗೆ. ಮಗು ಮೈಮೇಲಿರುವಾಗಲೇ ಹಾಕಿದ್ದು ಅದು. ಬಟ್ಟೆ ಸುಕ್ಕಾಗಿತ್ತಲ್ಲ, ಅದಕ್ಕೇ. ಮಗು ನಿಲ್ಲುತ್ತಿರಲಿಲ್ಲ. ಆ ತಾಯಿ ಯಾರೋ, ಕೈಗೆ ಸಿಕ್ಕಿದ ದಾರದಲ್ಲಿ ಅವಸರವಾಗಿ... ಆ ದಾರ ಎಲ್ಲಿ?"

"ಕಸಕ್ಕೆ..."

"ಯಾವತ್ತು?"

"ಹೋದ ವಾರ."

"ಆಹಾ!" ಎಂದ ಬಾಗಿಲಲ್ಲಿ ನಿಂತಿದ್ದ ಭಾವ. "ಕೋಣೆ ಅಂತೆ, ಕಿಟಕಿ ಅಂತೆ, ಚೀಟಿಯಲ್ಲಿ ಹೆಸರಂತೆ! ಗಿರಾಕಿ ಪ್ಯಾಂಟಿನ ಮೊಣಕಾಲು ನೋಡ್ಕೊಂಡು ಇರಮ್ಮ ಅಂದ್ರೆ ಕೇಳಿದ್ಯಾ?"

ಮೇಡಂ ಬ್ಯಾಗಿನಿಂದ ಇನ್ನೊಂದು ಹಾಳೆ ತೆಗೆದರು. ಅದೇ ಹಾಳೆಯ ಪ್ರತಿ. "ನಾನು ಬರೆದುಕೊಟ್ಟಿದ್ದೆ. ಗೆರೆ ಎಳೆದು ಬರೆದುಕೊಟ್ಟಿದ್ದೆ. ಇದನ್ನ ಓದಲಿಲ್ವಾ ನೀವು?"

ಎರಡು ಕಿಟಕಿಯ ಆ ಕೋಣೆಯನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಆದರೂ ಈ ಏಳೆಂಟು ದಿನ ಅದರಲ್ಲೇ ಇದ್ದಳು. ಮೇಜಿನ ಯಾವ ಬದಿಗೆ ಸೂಜಿದಿಂಬು ಎಂದೂ ಗೊತ್ತುಮಾಡಿಕೊಂಡಿದ್ದಳು. ಅದು ಕಣ್ಣೆದುರೇ ಕೈಜಾರಿ ಹೋಗುತ್ತಿತ್ತು.

"ನನಗೆ ಓದೋಕೆ ಬರಲ್ಲ ಮೇಡಂ" ಎಂದಳು. "ಇವಳೇ ಓದೋದು. ಆ ಸಾಲು ಓದಲೇ ಇಲ್ಲ ಇವಳು. ಬಿಟ್ಟುಬಿಟ್ಟಿದಾಳೆ."

ಬೆರಳುಗಳ ನಡುವೆ ಮಗಳ ಕೂದಲಿತ್ತು. ಅದುವರೆಗೂ ಅತ್ತಿತ್ತ ಆಡುತ್ತಿದ್ದ ತಲೆ ನಿಂತುಹೋದದ್ದು ಆ ಕೂದಲಿನ ಮೂಲಕವೇ ಅವಳಿಗೆ ತಿಳಿಯಿತು.

"ಅಷ್ಟೇ ಮತ್ತೆ!" ಭಾವ ನಕ್ಕ. "ಯಾವಾಗ ನೋಡಿದ್ರೂ ಬಡಬಡ ಬಡಬಡ. ಒಂದು ಸಾಲು ಬಾಯಲ್ಲಿ, ಒಂದು ಸಾಲು ಗಾಳೀಲಿ. ನಾನು ಹೇಳ್ತಾನೇ ಇದ್ದೆ."

ಮೇಡಂ ಅವಳ ಮುಖ ನೋಡಲಿಲ್ಲ. ಗಿಣಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಹೌದೇನಮ್ಮ? ಓದಲಿಲ್ವಾ ನೀನು?"

ಗಿಣಿ ತಲೆಯೆತ್ತಿ ಅಮ್ಮನ ಕಡೆ ತಿರುಗಲು ನೋಡಿದಳು. ಅಮ್ಮ ಕೂದಲನ್ನು ಬಿಡಲಿಲ್ಲ, ಹೆಣೆಯತೊಡಗಿದಳು. ಬಿಗಿಯಾಗಿ, ಒಂದರ ಮೇಲೊಂದು, ತುದಿಯವರೆಗೆ.

ಮೇಡಂ ಅಂಗಿಯನ್ನು ಮಡಿಸಿದರು. ನಿಧಾನವಾಗಿ ಮಡಿಸಿದರು, ಮಡಿಸುತ್ತ ಏನೋ ಕೂಡಿ ಕಳೆಯುತ್ತಿರುವವರಂತೆ. "ಮಗು ಕೈಲಿ ಓದಿಸಿಕೊಳ್ತೀರಿ ಅಂತ ನನಗೆ ಗೊತ್ತಾಗಬೇಕಿತ್ತು" ಎಂದರು ಕೊನೆಗೆ. "ಹಾಗೇ ಬರೀತೀನಿ. ಸೂಚನೆ ಓದಿದ ಮಗು ಒಂದು ಸಾಲು ಬಿಟ್ಟಿದ್ದರಿಂದ ಹೀಗಾಯಿತು ಅಂತ. ಹಾಗೆ ಬರೆದರೆ ನಾನೂ ಉಳ್ಕೋತೀನಿ, ನಿಮ್ಮನ್ನೂ ಉಳಿಸ್ಕೋಬಹುದು. ನಿಮ್ಮ ಕೈಯಲ್ಲಿ ತಪ್ಪಿಲ್ಲ. ಈ ಮೊಣಕೈ ನೋಡಿದರೆ ಕಮಿಟಿಯವರು ಇಲ್ಲ ಅನ್ನಲ್ಲ." ಪರದೆ ದಾಟುವಾಗ ಗಿಣಿಯ ಕೆನ್ನೆ ಮುಟ್ಟಿದರು. "ಇನ್ಮೇಲೆ ನಿಧಾನವಾಗಿ ಓದು, ಆಯ್ತಾ?"

ಕೆಲಸ ಸಿಕ್ಕಿತು.

ಕೋಣೆ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಬೆಳಕು ಮೇಜಿನ ಮೇಲೆ ಹಾಲಿನಂತೆ ಸಮನಾಗಿ ಬೀಳುತ್ತಿತ್ತು. ಸೂಚನೆಯ ಹಾಳೆಯನ್ನು ಅಲ್ಲಿನ ಗುಮಾಸ್ತ ದಿನಾ ಬೆಳಿಗ್ಗೆ ಎರಡು ಸಲ ಓದಿ ಹೇಳುತ್ತಿದ್ದ. ಇಲ್ಲಿ ತೂತು ಮುಚ್ಚಬೇಕು, ಆದರೆ ಮುಚ್ಚಿದ್ದು ಹತ್ತಿರದಿಂದ ನೋಡಿದರೆ ಕಾಣಬೇಕು. ಒಂಬತ್ತು ವರ್ಷ ಮಾಡಿದ್ದನ್ನು ಕೈಯಿಂದ ಮರೆಸಿ ಕಲಿಯಬೇಕಿತ್ತು. ಅವಳು ಕಲಿತಳು. ಎರಡು ವಾರ ಮುಗಿಯುವಷ್ಟರಲ್ಲಿ ಅವಳ ಹೆಸರು ಮೂರು ಚೀಟಿಗಳಲ್ಲಿತ್ತು. ಒಂದೊಂದೇ ಅಕ್ಷರ ಕೂಡಿಸಿ ಅವನ್ನು ತಾನೇ ಓದಿಕೊಂಡಳು. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತಾಗ, ಬದುಕಿದ್ದೇನೆ ಅನ್ನುವುದು ಇದಕ್ಕೇ ಇರಬೇಕು ಅನ್ನಿಸುತ್ತಿತ್ತು. ಸುಳ್ಳಲ್ಲ, ಅವಳಿಗೆ ನಿಜಕ್ಕೂ ಖುಷಿಯಾಗಿತ್ತು.

ಮನೆಯಲ್ಲಿ ಸದ್ದು ಕಡಿಮೆಯಾಗಿತ್ತು. ಮೊದಲ ವಾರ ಅವಳು ಗಮನಿಸಲಿಲ್ಲ. ಕೆಮ್ಮಿನ ಔಷಧಿ ಎಷ್ಟು ಚಮಚ ಅಂತ ನೋಡೇ ಎಂದಾಗ ಗಿಣಿ ಬಾಟಲಿಯ ಮೇಲೆ ಬೆರಳಿಟ್ಟು, ಪದಪದಕ್ಕೂ ಬೆರಳು ಸರಿಸಿ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಬಾಟಲಿಯನ್ನು ಚಾಚಿ, "ದೊಡ್ಡಪ್ಪನ ಹತ್ರ ಒಂದು ಸಲ ಕೇಳಿಬಿಡು" ಅಂದಳು.

"ನೀನು ಓದಿದ್ಯಲ್ಲ, ಸಾಕು ಬಿಡೆ."

"ಬೇಡ. ಕೇಳು."

ಇಸ್ತ್ರಿಯವರು ಸಿನಿಮಾ ಜಾಹೀರಾತು ಮುಂದೆ ಹಿಡಿದು, "ಗಿಣಿ, ಓದೇ" ಎಂದು ಕೆಣಕಿದರೆ, ಮುಖ ತಿರುಗಿಸಿ ಒಳಗೆ ಬರುತ್ತಿದ್ದಳು. ಭಾವನಿಗಂತೂ ಒಳ್ಳೆಯ ಆಟ ಸಿಕ್ಕಿತ್ತು. ಗಿಣಿ ಊಟಕ್ಕೆ ಕೂತಾಗ, "ನೋಡ್ಕೊಂಡು ತಿನ್ನಮ್ಮ, ಮಧ್ಯ ಒಂದೆರಡು ತುತ್ತು ಬಿಟ್ಟುಬಿಟ್ಟೀಯ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಒಂದು ಸಲ ರಫಕ್ಕನೂ ನಕ್ಕಳು. ನಗದಿದ್ದರೆ ಭಾವ ಏನಾದರೂ ಅಂದುಕೊಂಡಾನು ಎಂದು.

ಮೂರನೆಯ ವಾರದ ಗುರುವಾರ, ಅವಳು ಬಸ್ಸಿಗೆ ಹೊರಟು ಚಪ್ಪಲಿಗೆ ಕಾಲು ತೂರಿಸುತ್ತಿರುವಾಗ ಗಿಣಿ ಶಾಲೆಯ ಚೀಲದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು.

"ಟೀಚರ್ ಕೊಟ್ಟಿದ್ದಾರೆ. ನಿನ್ನೆನೇ."

"ಏನಂತೆ? ಬೇಗ ಹೇಳು, ಬಸ್ಸು ಹೋಗುತ್ತೆ."

"ನಾನೇ ಓದ್ಲಾ?"

"ಇನ್ಯಾರು ಓದ್ತಾರೆ?"

ಗಿಣಿ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ಬೆರಳಿಟ್ಟು, ಸಣ್ಣ ದನಿಯಲ್ಲಿ ಓದತೊಡಗಿದಳು. "ನಿಮ್ಮ ಮಗಳು ಎರಡು ವಾರದಿಂದ ಬೆಳಗಿನ ಸುದ್ದಿ ಓದಲು ಒಪ್ಪುತ್ತಿಲ್ಲ. ತರಗತಿಯಲ್ಲೂ ಗಟ್ಟಿಯಾಗಿ ಓದುತ್ತಿಲ್ಲ. ಕೇಳಿದರೆ, ನಾನು ಸಾಲು ಬಿಡುತ್ತೇನೆ, ಬೇರೆಯವರಿಂದ ಓದಿಸಿ ಎನ್ನುತ್ತಾಳೆ. ನಾನು ಕಂಡಂತೆ ಅವಳು ಒಂದು ಸಾಲನ್ನೂ ಬಿಟ್ಟವಳಲ್ಲ. ಅಂತರಶಾಲಾ ವಾಚನ ಸ್ಪರ್ಧೆಗೆ ಅವಳ ಜಾಗದಲ್ಲಿ ಬೇರೆ ಮಗುವನ್ನು ಕಳಿಸುತ್ತಿದ್ದೇವೆ. ಮನೆಯಲ್ಲಿ ಏನಾದರೂ..." ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು. "ಮನೆಯಲ್ಲಿ ಏನಾದರೂ ನಡೆದಿದ್ದರೆ ದಯವಿಟ್ಟು ತಿಳಿಸಿ. ಇಂತಿ."

ರಸ್ತೆಯಲ್ಲಿ ಬಸ್ಸು ಬಂದು ನಿಂತ ಸದ್ದಾಯಿತು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದು ಕಾಲನ್ನು ನೆಲದ ಮೇಲಿಟ್ಟು ಅವಳು ನಿಂತೇ ಇದ್ದಳು. ಬಸ್ಸು ಹೊರಟುಹೋಯಿತು.

ಗಿಣಿ ಕಾಗದವನ್ನು ಇದ್ದ ಮಡಿಕೆಗೇ ಮಡಚಿದಳು. ಮಡಚಿದ್ದನ್ನು ಮತ್ತೆ ಬಿಚ್ಚಿ ನೋಡಿ, ಎಲ್ಲ ಸಾಲೂ ಆಯಿತೆಂದು ಖಾತ್ರಿ ಮಾಡಿಕೊಂಡು, ಮತ್ತೆ ಮಡಚಿದಳು. ಆಮೇಲೆ ಅಮ್ಮನ ಮುಖವನ್ನೇ ನೋಡುತ್ತ ಕೇಳಿದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ಗೊತ್ತಿಲ್ಲದೆ ಕೇಳುವವರ ದನಿ.

"ಅಮ್ಮ, ಅವತ್ತು ಆ ಸಾಲು ನಾನು ಓದಿದ್ನಾ, ಇಲ್ವಾ?"