ನಾಲ್ಕು ನಿಮಿಷದವನ ನಲವತ್ತಮೂರು ಪಾಯಿಂಟು

ಹುಡುಗರು ನನ್ನನ್ನು ಎಣ್ಣೆ ಮಾಮ ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಈ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಆಟಗಾರರ ಕಾಲಿಗೆ ಎಣ್ಣೆ ಹಚ್ಚಿ ನೀವುವುದು, ಪಟ್ಟಿ ಸುತ್ತುವುದು, ಊತ ಬಂದರೆ ಐಸ್ ಇಡುವುದು ನನ್ನ ಕೆಲಸ. ಡಾಕ್ಟರ್ ಅಂತ ಒಬ್ಬರಿದ್ದಾರೆ, ತಿಂಗಳಿಗೊಮ್ಮೆ ಬಂದು ಕಾಫಿ ಕುಡಿದು ಹೋಗುತ್ತಾರೆ. ಮಿಕ್ಕ ದಿನ ಮಂಡಿಗಳ ಯಜಮಾನ ನಾನೇ.

ಆ ಮಂಡಿಗಳಲ್ಲೆಲ್ಲ ನನ್ನ ನಿದ್ದೆ ಕೆಡಿಸಿದ್ದು ನಾಲ್ಕು ನಿಮಿಷದವನ ಎಡ ಮಂಡಿ. ಕೋಚ್ ಅವನನ್ನು ಪ್ರತಿ ಪಂದ್ಯದಲ್ಲೂ ನಾಲ್ಕೇ ನಿಮಿಷ ಆಡಿಸಿ ಬೆಂಚಿಗೆ ಕರೆಸುತ್ತಿದ್ದರು, ಅದಕ್ಕೇ ಆ ಅಡ್ಡಹೆಸರು. ವಯಸ್ಸು ಮೂವತ್ತಮೂರು. ಆರು ವರ್ಷದಲ್ಲಿ ಒಂದು ಪಂದ್ಯಕ್ಕೆ ಅವನು ಗಳಿಸಿದ ಅತಿ ಹೆಚ್ಚು ಪಾಯಿಂಟು ಏಳು. ಊರಿನವರಿರಲಿ, ನಮ್ಮ ಗೇಟಿನಲ್ಲಿ ನಿಲ್ಲುವವನೇ ಒಮ್ಮೆ ಅವನನ್ನು ತಡೆದು ಟಿಕೆಟ್ ಕೇಳಿದ್ದ. ಪಾಪ, ಇವನು ಜೇಬು ತಡಕಾಡಿದನಂತೆ.

ಆ ನಾಲ್ಕು ನಿಮಿಷದ ಹಿಂದೆ ಇದ್ದವನು ನಾನು. ಅವನ ಮಂಡಿಯೊಳಗಿನ ಮೆದುಮೂಳೆ ಸವೆದುಹೋಗಿದೆ ಅಂತ ಕೋಚ್ ಕಿವಿಗೆ ಹಾಕಿದ್ದೆ. ಮ್ಯಾನೇಜರಿಗೆ ಗೊತ್ತಾದರೆ ಅವತ್ತೇ ಮನೆಗೆ ಕಳಿಸುತ್ತಾರೆ. ಅವನಿಗೇ ಹೇಳಿದರೆ ಹೆದರಿ ಹೆದರಿ ನೆಗೆದು ಇನ್ನೊಂದು ಕಾಲನ್ನೂ ಕೆಡಿಸಿಕೊಳ್ಳುತ್ತಾನೆ. ಅದಕ್ಕೆ ನಾನೂ ಕೋಚೂ ಒಂದು ಸನ್ನೆ ಮಾಡಿಕೊಂಡೆವು. ಟವೆಲ್ ನನ್ನ ಹೆಗಲ ಮೇಲಿದ್ದರೆ, 'ಸಾಕು, ಕರೆಸಿ' ಅಂತ. ಕೈಯಲ್ಲಿದ್ದರೆ, 'ಆಡಲಿ' ಅಂತ. ಈ ಗುಟ್ಟು ನಮ್ಮಿಬ್ಬರದೇ. ಅವನು ಮಾತ್ರ ಕೋಚ್‌ಗೆ ತನ್ನ ಮೇಲೆ ನಂಬಿಕೆಯೇ ಇಲ್ಲ ಅಂದುಕೊಂಡಿದ್ದ.

"ಬೆಂಚು ಬೆಚ್ಚಗಿಡೋಕೆ ನನ್ನನ್ನ ಇಟ್ಕೊಂಡಿದ್ದಾರೆ ಮಾಮ" ಅಂತ ನಗುತ್ತಿದ್ದ. ನಾನೂ ಜೊತೆಗೆ ನಗುತ್ತಿದ್ದೆ. ನನ್ನ ಹಾಳು ನಗು!

ಆ ಭಾನುವಾರದ್ದು ವರ್ಷದ ಕೊನೆಯ ಪಂದ್ಯ. ಅವನ ಒಪ್ಪಂದವೂ ಅವತ್ತಿಗೇ ಮುಗಿಯುತ್ತಿತ್ತು, ಮತ್ತೆ ತೆಗೆದುಕೊಳ್ಳುವುದಿಲ್ಲ ಅಂತ ಮ್ಯಾನೇಜರ್ ಮೊದಲೇ ಹೇಳಿಯಾಗಿತ್ತು. ಮುಂದಿನ ವಾರದಿಂದ ಭಾವನ ಟೈರ್ ಅಂಗಡಿಯಲ್ಲಿ ಕೆಲಸ. ಹೆಂಡತಿ ಔಷಧಿ ಅಂಗಡಿಯ ಕೌಂಟರ್ ಬಿಟ್ಟು ಅವನ ಆಟ ನೋಡಲು ಬಂದವಳೇ ಅಲ್ಲ. ನಾಲ್ಕು ನಿಮಿಷಕ್ಕೆ ಯಾರು ರಜೆ ಹಾಕುತ್ತಾರೆ?

ಎದುರಿಗಿದ್ದದ್ದು ಅಂಕಪಟ್ಟಿಯ ಮೇಲ್ತುದಿಯಲ್ಲಿ ಕೂತಿದ್ದ ತಂಡ. ಆಟ ಶುರುವಾಗಿ ಐದು ನಿಮಿಷಕ್ಕೆ ನಮ್ಮ ಮುಖ್ಯ ಆಟಗಾರನ ಪಾದ ಉಳುಕಿತು. ಅವನ ಬದಲಿಯವನು ಜ್ವರ ಬಂದು ಮನೆಯಲ್ಲಿ ಮಲಗಿದ್ದ. ನಮ್ಮ ನಾಲ್ಕು ನಿಮಿಷದವನು ಇಳಿದ. ಎದುರಿನವರು ಇವನನ್ನು ಕ್ಯಾರೇ ಅನ್ನಲಿಲ್ಲ. "ಅವನನ್ನ ಬಿಡ್ರೋ, ಎಸೀಲಿ" ಅಂತ ಅವರ ಕೋಚ್ ಕೂಗಿದ್ದು ನನಗೇ ಕೇಳಿಸಿತು. ಇವನು ಎಸೆದ. ಬಿತ್ತು. ಮತ್ತೆ ಎಸೆದ, ಮತ್ತೆ ಬಿತ್ತು. ದೂರದಿಂದಲೇ ಒಂಬತ್ತು ಸಲ ಹಾಕಿದ. ಆಮೇಲೆ ಇಬ್ಬಿಬ್ಬರು ಮೈಮೇಲೆ ಬಿದ್ದರೆ ಅವರ ನಡುವೆ ನುಗ್ಗಿ ಹಾಕಿದ. ಅಬ್ಬಬ್ಬಾ, ಆರು ವರ್ಷ ಇವೆಲ್ಲವನ್ನೂ ಎಲ್ಲಿ ಮುಚ್ಚಿಟ್ಟುಕೊಂಡಿದ್ದನೋ!

ನಾನು ಮೈಮರೆತೆ. ಕುರ್ಚಿಯ ಮೇಲೆ ನಿಂತು, ಹೆಗಲ ಮೇಲಿನ ಟವೆಲ್ ಕಿತ್ತುಕೊಂಡು ಗಿರಗಿರ ತಿರುಗಿಸುತ್ತಿದ್ದೆ. ಗಂಟಲು ಕಟ್ಟುವವರೆಗೂ ಕೂಗಿದೆ.

ಆಟ ಮುಗಿದಾಗ ಅವನ ಲೆಕ್ಕಕ್ಕೆ ನಲವತ್ತಮೂರು ಪಾಯಿಂಟು, ಮೂವತ್ತೈದು ನಿಮಿಷ. ನಾವು ಗೆದ್ದಿದ್ದೆವು. ಗೇಟಿನವನು ಓಡಿಬಂದು ಅವನ ಜೊತೆ ಫೋಟೋ ತೆಗೆಸಿಕೊಂಡ. ಮ್ಯಾನೇಜರ್ ಅವನ ಬೆನ್ನು ತಟ್ಟಿ, "ನಾಳೆ ಹತ್ತಕ್ಕೆ ಬನ್ನಿ, ಎರಡು ವರ್ಷಕ್ಕೆ ಸೈನ್ ಮಾಡೋಣ. ಎಣ್ಣೆ ಮಾಮ, ನೀವೊಂದು ಸಲ ನೋಡಿ, ಫಿಟ್ ಅಂತ ಸಹಿ ಹಾಕ್ಬಿಡಿ" ಅಂದರು. ಕೋಚ್ ನನ್ನ ಕೈ ಹಿಡಿದು ಮೆಲ್ಲಗೆ, "ಮೂರು ಸಲ ನಿಮ್ಮ ಕಡೆ ನೋಡಿದೆ. ಆಡ್ಲಿ ಅಂತಾನೇ ಇದ್ರಿ. ಒಳ್ಳೇದಾಯ್ತು" ಅಂದರು.

ತಲೆ ಬಗ್ಗಿಸಿ ನೋಡಿಕೊಂಡೆ. ಟವೆಲ್ ಇನ್ನೂ ನನ್ನ ಕೈಯಲ್ಲೇ ಇತ್ತು.

ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದ. ಹೆಂಡತಿ ಅರ್ಧ ದಿನ ರಜೆ ಹಾಕಿದ್ದಾಳಂತೆ, ಮಧ್ಯಾಹ್ನ ಇಬ್ಬರೂ ಹೊರಗೆ ಊಟಕ್ಕೆ ಹೋಗುತ್ತಾರಂತೆ. ಪ್ಯಾಂಟಿನ ಕಾಲು ಮೇಲಕ್ಕೆ ಬರಲಿಲ್ಲ, ಮಂಡಿ ಅಷ್ಟು ಊದಿತ್ತು. ಬಿಚ್ಚಿಸಿ ನೋಡಿದೆ. ಬೆರಳಿಟ್ಟ ಕೂಡಲೇ ನನಗೆ ಗೊತ್ತಾಯಿತು. ಸವೆದದ್ದು ಈಗ ಹರಿದಿತ್ತು.

"ನೋವು ಗೊತ್ತಾಗ್ಲಿಲ್ವೇನೋ?"

"ಗೊತ್ತಾಯ್ತು ಮಾಮ. ಕುಂಟಿದ್ರೆ ಕರೆಸಿಬಿಡ್ತಾರೆ ಅಂತ ಕುಂಟಲಿಲ್ಲ."

ಅಷ್ಟರಲ್ಲಿ ಮ್ಯಾನೇಜರ್ ಕಾಗದ ಹಿಡಿದು ಬಾಗಿಲಿಗೆ ಬಂದರು. ಸುಳ್ಳು ಬರೆಯಲು ಪೆನ್ನು ತೆಗೆದಿದ್ದೆ, ದೇವರಾಣೆ. ಆದರೆ ಆ ಕಾಗದದ ತಪಾಸಣೆ ಪಟ್ಟಿಯಲ್ಲಿ ಒಂದು ಪರೀಕ್ಷೆಯಿದೆ, ನೋಡುವವರ ಎದುರಿಗೇ ಒಂದೇ ಕಾಲಲ್ಲಿ ಕೂತು ಏಳಬೇಕು. ಬಲಗಾಲಲ್ಲಿ ಎದ್ದ. ಎಡಗಾಲಲ್ಲಿ ಕೂತ. ಹಲ್ಲು ಕಚ್ಚಿದ, ಹಣೆಯ ಮೇಲೆ ಬೆವರು ಒಡೆಯಿತು, ನೆಲಕ್ಕೆ ಕೈ ಊರಿದ. ಏಳಲಾಗಲಿಲ್ಲ. ನಾನೇ ಕಂಕುಳಿಗೆ ಕೈ ಕೊಟ್ಟು ಎತ್ತಿದೆ.

"ಗುಣ ಆದ್ಮೇಲೆ ಬನ್ನಿ, ನೋಡೋಣ" ಅಂದರು ಮ್ಯಾನೇಜರ್. ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡು ಹೋದರು. ಆ ನೋಡೋಣ ಅಂದರೆ ಏನು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

ಅವನು ಮೇಜಿನ ಮೇಲೆ ಕೂತ. ಆಮೇಲೆ ನನ್ನ ಮುಖ ನೋಡಿ ಅವನೇ ನನಗೆ ಸಮಾಧಾನ ಹೇಳಿದ. "ಹೋಗ್ಲಿ ಬಿಡಿ ಮಾಮ. ಆರು ವರ್ಷದಲ್ಲಿ ಒಂದಿನ ಆದ್ರೂ ಕೋಚ್ ನನ್ನನ್ನ ನಂಬಿದ್ರಲ್ಲ. ಮಧ್ಯೆ ಮಧ್ಯೆ ಬೆಂಚ್ ಕಡೆ ನೋಡ್ತಾನೇ ಇದ್ದೆ. ಕರೀಲೇ ಇಲ್ಲ ಅವ್ರು. ನನಗಷ್ಟು ಸಾಕು."

ನಾಲಿಗೆ ಕಚ್ಚಿಕೊಂಡು ಸುಮ್ಮನಿರಬೇಕಿತ್ತು. ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮೆದುಮೂಳೆ, ಸನ್ನೆ, ಟವೆಲ್, ನನ್ನ ಕುಣಿತ, ಎಲ್ಲವನ್ನೂ. ತಪ್ಪು ನನ್ನದೇ ಕಣೋ, ನನ್ನನ್ನ ಕ್ಷಮಿಸಿಬಿಡು ಅಂದೆ. ನನ್ನ ಭಾರ ಇಳಿಸಿಕೊಳ್ಳಲು ಅಂದೆ, ಇನ್ಯಾತಕ್ಕೂ ಅಲ್ಲ.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ಅವ್ರು ನನ್ನನ್ನ ಆಡೋಕೆ ಬಿಟ್ಟಿದ್ದು ಮರೆತು, ನಂಬಿ ಅಲ್ಲ" ಅಂದ.

"ಅವರು ಮರೀಲಿಲ್ಲ ಕಣೋ, ಮರೆತದ್ದು ನಾನು..."

"ಎರಡೂ ಒಂದೇ ಮಾಮ."

ಶೂ ಹಾಕಿಕೊಳ್ಳಲು ಬಗ್ಗಿದ. ಮಂಡಿ ಈಗ ಮಡಚಲೇ ಆಗಲಿಲ್ಲ, ಕೈ ಪಾದಕ್ಕೆ ಎಟುಕಲಿಲ್ಲ. ನಾನು ನೆಲದಲ್ಲಿ ಕೂತು ಅವನ ಪಾದಕ್ಕೆ ಕೈ ಹಾಕಿದೆ. ಆರು ವರ್ಷದಲ್ಲಿ ಮೊದಲ ಸಲ ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ.