ಸುನಂದಾಳ ಪತ್ರ ದಯಾನಂದನ ಕೈಗೆ

ಯಾವ ಅರ್ಜಿ ತುಂಬಿಸಬೇಕಾದರೂ ಚಿಕ್ಕಗೌರಮ್ಮ ಹಳೇ ಅರ್ಜಿಯ ಜೆರಾಕ್ಸ್ ಹಿಡಿದೇ ಕಿಬ್ಬನಹಳ್ಳಿಯ ಕಂಪ್ಯೂಟರ್ ಅಂಗಡಿಗೆ ಹೋಗುತ್ತಿದ್ದಳು. "ಇದ್ರಲ್ಲಿರಂಗೇ ಬರ್ಕೊಡಪ್ಪ" ಎಂದರೆ ಅಂಗಡಿಯವನು ಹಾಗೇ ಇಳಿಸುತ್ತಿದ್ದ. ಮಗಳು ಸುನಂದಾಳ ಮದುವೆಯ ವರ್ಷ ಅವಳ ಹೆಸರಲ್ಲಿ ಮಾಡಿಸಿದ ಈಮೇಲ್ ವಿಳಾಸವೂ ಹಾಗೆಯೇ ಅರ್ಜಿಯಿಂದ ಅರ್ಜಿಗೆ ಇಳಿದು ಬಂದಿತ್ತು. ಅದನ್ನು ತೆರೆದು ನೋಡಿ ಆರು ವರ್ಷವಾಗಿತ್ತು.

"ಗೌರಕ್ಕ, ಆ ವಿಳಾಸ ಹೊಡೆದಾಕ್ಸು" ಎಂದಿದ್ದಳು ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ವನಜಾಕ್ಷಿ. "ತುಂಬಾ ದಿನ ತೆಗೀದಿದ್ರೆ ಮೇಲ್ ಕಂಪನಿಯೋರು ಮುಚ್ಚಾಕ್ತಾರೆ. ಕೆಲವು ಕಂಪನಿಯೋರು ಅದೇ ಹೆಸರ್ನ ಕೇಳ್ದೋರಿಗೆ ಕೊಟ್ಟೂಬುಡ್ತಾರೆ."

"ಕೊಡ್ಲಿ ಬುಡು ತಾಯಿ! ಅದ್ರಾಗೇನು ಕೊಬ್ರಿ ರೇಟು ಬತ್ತದಾ?"

"ನಗಬ್ಯಾಡ ಕಣಕ್ಕ. ನಿಮ್ಗೆ ಬರೋದನ್ನೆಲ್ಲ ಅವ್ರು ಓದ್ತಾರೆ."

"ಓದ್ಲಿ. ನಮ್ದೇನು ಗುಟ್ಟೈತೆ?"

ಗುಟ್ಟು ಇತ್ತು. ಕೈ ಮುರಿಯುವಂತೆ ಹೊಡೆದ ಗಂಡ ದಯಾನಂದನನ್ನು ಬಿಟ್ಟು ಬಂದ ಸುನಂದಾ ಈಗ ಎಲ್ಲಿದ್ದಾಳೆ ಎಂಬುದೇ ಆ ಗುಟ್ಟು. ತಮ್ಮೂರು ದಂಡಿನಶಿವರದಲ್ಲಿ ತಾಯಿಯನ್ನು ಬಿಟ್ಟರೆ ಒಬ್ಬರಿಗೂ ತಿಳಿಯದ ಹಾಗೆ ಅವಳು ತಿಪಟೂರಿನ ಕೊಬ್ಬರಿ ಪುಡಿ ಕಾರ್ಖಾನೆ ಸೇರಿದ್ದಳು. ಆ ಕೆಲಸದ ಅರ್ಜಿಯನ್ನೂ ತಾಯಿಯೇ ತುಂಬಿಸಿದ್ದಳು, ಅದೇ ಜೆರಾಕ್ಸ್ ತೋರಿಸಿ. ಕೆಲಸ ಸಿಕ್ಕಿತೆಂದು ಫೋನ್ ಬಂತು. ಪತ್ರ ಮಾತ್ರ ಹಳೇ ಮೇಲ್‌ಗೆ ಹೋಯಿತು. ಪಾಳಿ ಎಷ್ಟು ಹೊತ್ತಿಗೆ, ಹಾಸ್ಟೆಲ್ ಯಾವ ರಸ್ತೆಯಲ್ಲಿ, ಎಲ್ಲ ಅದರಲ್ಲಿತ್ತು.

ಒಂದು ಬೆಳಿಗ್ಗೆ ಸುನಂದಾ ಪಾಳಿಗೆ ಹೊರಟರೆ ಹಾಸ್ಟೆಲ್ ಗೇಟಿನಲ್ಲಿ ದಯಾನಂದ ನಿಂತಿದ್ದ. ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು.

ಸುನಂದಾ ಬದುಕಿದಳು. ಬಲಗೈಯ ಮೂರು ಬೆರಳು ಉಳಿಯಲಿಲ್ಲ.

"ಅಡ್ರೆಸ್ ಎಲ್ಲಿ ಸಿಕ್ತೋ?" ಎಂದು ಪೊಲೀಸರು ಕೇಳಿದಾಗ ಅವನು ತಲೆ ಕೂಡ ತಗ್ಗಿಸಲಿಲ್ಲ. "ಅವಳ ಹಳೇ ಮೇಲ್ ಹೆಸರು ಖಾಲಿ ಐತೆ ಅಂತ ಮೊಬೈಲಲ್ಲಿ ತೋರ್ಸ್ತು ಸಾರ್. ನನ್ ನಂಬರ್ ಹಾಕಿ ತಗೊಂಡೆ. ಕದ್ದಿಲ್ಲ."

ಕದಿಯುವ ಕಷ್ಟವನ್ನೇ ಮೇಲ್ ಕಂಪನಿ ಅವನಿಗೆ ಕೊಡಲಿಲ್ಲ. ಆರು ವರ್ಷದ ಹಿಂದೆ ಆ ಹೆಸರು ಯಾರದಾಗಿತ್ತೆಂದು ನೋಡಲಿಲ್ಲ. ಸುನಂದಾಳಿಗೆ ಒಂದು ಮಾತು ತಿಳಿಸಲಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕಗೌರಮ್ಮ ಗೋಡೆಗೊರಗಿ ಕುಸಿದಿದ್ದಳು. "ನಾನೇ ಕಣೇ ವನಜಾ. ನಾನೇ ದಾರಿ ತೋರ್ಸ್ಬುಟ್ಟೆ."

"ಮಚ್ಚು ಹಿಡ್ದೋನು ಅವ್ನು. ಬಾಗ್ಲು ತೆಗೆದ್ಕೊಟ್ಟೋರು ಕಂಪನಿಯೋರು" ಎಂದಳು ವನಜಾಕ್ಷಿ. "ಅಳೋಕೆ ಆಮೇಲೆ ಹೊತ್ತೈತೆ, ಏಳಕ್ಕ. ಆ ವಿಳಾಸ ಇನ್ನೂ ಬ್ಯಾಂಕಲ್ಲೈತೆ, ಅವ್ಳ ಕೇಸ್ ನೋಡೋ ಲಾಯರ್ ಹತ್ರ ಐತೆ. ಜಾಮೀನ್ ಮೇಲೆ ಈಚೆ ಬಂದ್ರೆ ಮತ್ತೆ ಓದ್ತಾನೆ."

ಚಿಕ್ಕಗೌರಮ್ಮ ಎದ್ದಳು. ಆ ದಿನವೇ ಬ್ಯಾಂಕು, ಕಾರ್ಖಾನೆ, ವಕೀಲರ ಕಚೇರಿ ಸುತ್ತಿದಳು. ಎಲ್ಲ ಕಡೆಯೂ ಒಂದೇ ಮಾತು: "ಇದ್ನ ಹೊಡೆದಾಕಪ್ಪ. ನನ್ ಕಣ್ ಮುಂದೇನೇ ಹೊಡೆದಾಕು."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಹಳೇ ಮೇಲ್ ಇವತ್ತು ಯಾರ ಕೈಯಲ್ಲಿದೆ? ತೆರೆಯಲು ಬಂದರೆ ಈಗಲೇ ತೆರೆಯಿರಿ, ಆಗಾಗ ತೆರೆಯುತ್ತಿರಿ. ಬೇಡವೆಂದರೆ ಸುಮ್ಮನೆ ಬಿಟ್ಟುಬಿಡಬೇಡಿ. ಬ್ಯಾಂಕು, ಆಸ್ಪತ್ರೆ, ಕೆಲಸದ ಜಾಗ, ಎಲ್ಲೆಲ್ಲಿ ಬರೆಸಿದ್ದೀರೋ ಅಲ್ಲೆಲ್ಲ ಹೋಗಿ ಮೊದಲು ಬದಲಾಯಿಸಿ. ಹಳೇ ಜೆರಾಕ್ಸ್ ನೋಡಿ ಹೊಸ ಅರ್ಜಿ ತುಂಬಿಸಬೇಡಿ. ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ಹಂಚಲು ನೀವ್ಯಾರು ಎಂದು ಕಂಪನಿಗಳನ್ನು ಕೇಳಿ. ಹಾಗೆ ಕೇಳುವ ಮನವಿಯೊಂದು ವನಜಾಕ್ಷಿಯ ಮೇಜಿನ ಮೇಲಿದೆ. ಮೊದಲ ಸಹಿ ಸುನಂದಾಳದು, ಎಡಗೈಯಲ್ಲಿ ಹಾಕಿದ್ದು. ಅದರ ಕೆಳಗೆ ನಿಮ್ಮದೂ ಇರಲಿ.